ಅಪ್ಪಾಜಿಯ ಜೊತೆ ಸಂಗೀತ ಕೇಳಿದ ವರ್ಷ

ಬಿ.ಕಾಂ. ಓದಿದವಳಿಗೆ ಸಂಗೀತದ ಪಾಠ ಯಾಕೆ ಬಂತು ಎಂದು ಈಗಲೂ ಕೆಲವರು ಕೇಳುತ್ತಾರೆ. ನಾವು ಪದವಿ ಓದುವಾಗ ಮುಖ್ಯ ವಿಷಯಗಳ ಜೊತೆಗೆ ಬೇರೆ ವಿಭಾಗದ ಒಂದು ವಿಷಯವನ್ನೂ ಆರಿಸಿಕೊಳ್ಳಲೇಬೇಕಿತ್ತು. ಓಪನ್ ಎಲೆಕ್ಟಿವ್ ಎನ್ನುತ್ತಿದ್ದರು. ಅರಸೀಕೆರೆಯ ನಮ್ಮ ಕಾಲೇಜಿನಲ್ಲಿ ಎಲ್ಲರೂ ಮುಗಿಬಿದ್ದದ್ದು ಕಂಪ್ಯೂಟರಿಗೆ. ಹೆಸರು ಬರೆಸುವ ದಿನ ಗಂಡಸಿಯಿಂದ ಬರುವ ನನ್ನ ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಕಾಲೇಜು ಮುಟ್ಟುವ ಹೊತ್ತಿಗೆ ಕಂಪ್ಯೂಟರ್ ತುಂಬಿಹೋಗಿತ್ತು, ಪತ್ರಿಕೋದ್ಯಮವೂ ತುಂಬಿತ್ತು. ಉಳಿದದ್ದು ಸಂಗೀತ ರಸಗ್ರಹಣ ಒಂದೇ.

"ಹಾಡಕ್ಕೆ ಬರ್ಬೇಕು ಅಂತೇನಿಲ್ವಂತೆ ಕಣಮ್ಮ. ಸುಮ್ನೆ ಕೂತ್ಕಂಡು ಕೇಳೋದಂತೆ. ಹಾಕ್ಲಾ?" ಎಂದರು ಆಫೀಸಿನ ಗುಮಾಸ್ತರು.

ನಾನು ತಲೆಯಾಡಿಸಿದೆ. ಬಸ್ಸಿನಲ್ಲಿ ಮನೆಗೆ ಬರುವಾಗಲೇ ಹೆದರಿಕೆ ಶುರುವಾಯಿತು. ನಮ್ಮ ಮನೆಯಲ್ಲಿ ಆಗ ಸಂಗೀತ ಕೇಳುವಂತಿರಲಿಲ್ಲ.

ಅಪ್ಪಾಜಿ ಹಾಡುತ್ತಿದ್ದವರು. ಹೊಟ್ಟೆಪಾಡಿಗೆ ತೆಂಗಿನ ತೋಟ, ಕೊಬ್ಬರಿ ವ್ಯಾಪಾರ. ಆದರೆ ಸುತ್ತಮುತ್ತ ಅವರನ್ನು ಗುರುತಿಸುತ್ತಿದ್ದದ್ದು ಹಾಡಿನಿಂದ. ಪ್ರತಿ ಸೋಮವಾರ ಸಂಜೆ ನಮ್ಮೂರ ಮಠದಲ್ಲಿ ಭಜನೆ ನಡೆಯುತ್ತದೆ. ಅಲ್ಲಿ ಮೊದಲ ಸಾಲು ಎತ್ತಿಕೊಡುತ್ತಿದ್ದವರು ಅವರು. ಯಾರ ಬಳಿಯೂ ಕಲಿತವರಲ್ಲ. ರಾಗಗಳ ಹೆಸರು ಅವರಿಗೆ ಗೊತ್ತಿರಲಿಲ್ಲ. ಎಲ್ಲವೂ ಅವರ ಮಾತಿನಲ್ಲಿ ‘ಧಾಟಿ’. ಗೃಹಪ್ರವೇಶ, ನಾಮಕರಣ, ಸಾವಿನ ಮನೆ, ಎಲ್ಲಿಂದ ಕರೆ ಬಂದರೂ ಶಲ್ಯ ಹೆಗಲಿಗೆ ಹಾಕಿಕೊಂಡು ಹೊರಟುಬಿಡುತ್ತಿದ್ದರು.

ನಾನು ಪಿ.ಯು.ಸಿ.ಯಲ್ಲಿದ್ದಾಗ ಅವರ ದನಿ ಒಡೆಯಿತು. ಶೀತ ಎಂದುಕೊಂಡು ಕಷಾಯ ಕುಡಿದರು. ತಿಂಗಳುಗಳು ಕಳೆದರೂ ಹೋಗದಿದ್ದಾಗ ಹಾಸನಕ್ಕೆ ಹೋದರು, ಅಲ್ಲಿಂದ ಬೆಂಗಳೂರಿಗೆ. ಗಂಟಲಲ್ಲಿ ಗೆಡ್ಡೆ ಇತ್ತು. ಬೀಡಿ ಸಿಗರೇಟು ಮುಟ್ಟಿದವರಲ್ಲ, ಯಾಕೆ ಬಂತು ಎಂದು ಯಾವ ಡಾಕ್ಟರೂ ಹೇಳಲಿಲ್ಲ. ಜೀವ ಉಳಿಯಬೇಕಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ತೆಗೆದರು.

ಆಮೇಲೆ ಅವರು ಉಸಿರಾಡುವುದು ಕುತ್ತಿಗೆಯಲ್ಲಿ ಮಾಡಿದ ಒಂದು ರಂಧ್ರದಿಂದ. ಅದರ ಮೇಲೆ ತೆಳು ಬಟ್ಟೆ ಕಟ್ಟಿಕೊಳ್ಳುತ್ತಿದ್ದರು. ಮೂಗಿನಿಂದ ಗಾಳಿಯಾಡದ್ದರಿಂದ ವಾಸನೆಯೂ ಸರಿಯಾಗಿ ತಿಳಿಯುತ್ತಿರಲಿಲ್ಲ. ಕೊಬ್ಬರಿ ಕಮಟು ಹಿಡಿದಿದೆಯೇ ಎಂದು ಅಮ್ಮನೇ ಮೂಸಿ ಹೇಳಬೇಕಿತ್ತು. ಮಾತಿಗೆ ಒಂದು ಸ್ಲೇಟು. ಅಮ್ಮನ ಜೊತೆ ಮಾತ್ರ ತುಟಿ ಆಡಿಸಿ ಮಾತಾಡುತ್ತಿದ್ದರು, ಅವಳಿಗೆ ಅರ್ಥವಾಗುತ್ತಿತ್ತು. ಆಸ್ಪತ್ರೆಯವರು ಒಂದು ಯಂತ್ರವನ್ನೂ ಕೊಡಿಸಿದ್ದರು. ಸಣ್ಣ ಟಾರ್ಚಿನಂಥದ್ದು. ಕುತ್ತಿಗೆಗೆ ಒತ್ತಿ ಹಿಡಿದು ತುಟಿ ಆಡಿಸಿದರೆ ಜೇನುಹುಳ ಗುಂಯ್‌ಗುಟ್ಟಿದ ಹಾಗೆ ಮಾತು ಹೊರಡುತ್ತದೆ. ಎಲ್ಲ ಅಕ್ಷರಗಳೂ ಒಂದೇ ಎತ್ತರದಲ್ಲಿ. ಆಸ್ಪತ್ರೆಯಲ್ಲಿ ಕಲಿಸುವಾಗ ಅಪ್ಪಾಜಿ ಅದರಲ್ಲಿ ತಮ್ಮ ಹೆಸರು ಹೇಳಿದರು, ಊರಿನ ಹೆಸರು ಹೇಳಿದರು, ಮತ್ತೆ ಮುಟ್ಟಲಿಲ್ಲ.

ಮನೆಗೆ ಬಂದ ಮೇಲೆ ರೇಡಿಯೋ ಅಟ್ಟ ಸೇರಿತು. ಟಿ.ವಿ.ಯಲ್ಲಿ ಹಾಡು ಬಂದರೆ ಎದ್ದು ತೋಟಕ್ಕೆ ಹೋಗುತ್ತಿದ್ದರು. ಹಾಕಬೇಡಿ ಎಂದು ಅವರು ಯಾವತ್ತೂ ಬರೆದು ತೋರಿಸಲಿಲ್ಲ. ನಾವೇ ನಿಲ್ಲಿಸಿದೆವು. ಸೋಮವಾರ ಸಂಜೆ ಮಠದ ಕಡೆಯಿಂದ ಹಾರ್ಮೋನಿಯಂ ಕೇಳಿಸತೊಡಗಿದರೆ ಅಮ್ಮ ಎದ್ದು ಕಿಟಕಿ ಮುಚ್ಚುತ್ತಿದ್ದಳು.

ನಾನು ತೆಗೆದುಕೊಂಡ ವಿಷಯ ಯಾವುದೆಂದು ಅಡುಗೆಮನೆಯಲ್ಲಿ ಹೇಳಿದಾಗ ಅಮ್ಮ ರೊಟ್ಟಿ ತಟ್ಟುವ ಕೈ ನಿಲ್ಲಿಸಿದಳು.

"ಬೇರೆ ಯಾವ್ದೂ ಇರ್ಲಿಲ್ವೇನೆ?"

"ಇರ್ಲಿಲ್ಲಮ್ಮ."

"ಸರಿ, ಓದ್ಕ. ಅಪ್ಪಾಜಿ ಮುಂದೆ ಮಾತ್ರ ಎತ್ಬೇಡ."

ಪಾಠ ಮಾಡಲು ಬರುತ್ತಿದ್ದವರು ಬೇಲೂರಿನವರು, ಅತಿಥಿ ಉಪನ್ಯಾಸಕಿ. ಐವತ್ತರ ಆಸುಪಾಸು. ಬೆಳಗಿನ ಬಸ್ಸು ಹಿಡಿದು ಹಳೇಬೀಡು, ಜಾವಗಲ್ ದಾಟಿ ಬರುವಷ್ಟರಲ್ಲಿ ಸೀರೆಯೆಲ್ಲ ಮುದುರಿರುತ್ತಿತ್ತು. ಚೀಲದಲ್ಲಿ ಒಂದು ಸಣ್ಣ ಸ್ಪೀಕರು, ಒಂದು ಶ್ರುತಿಪೆಟ್ಟಿಗೆ, ನೀರಿನ ಬಾಟಲಿ. ನಾವೆಲ್ಲ ಅವರನ್ನು ಮೇಡಂ ಎಂದೇ ಕರೆಯುತ್ತಿದ್ದೆವು.

ಮೊದಲ ದಿನ ಅವರು ಸರಿಗಮ ಹೇಳಿಕೊಡುತ್ತಾರೆ ಎಂದುಕೊಂಡಿದ್ದೆವು. ಅವರು ಸ್ಪೀಕರು ಹಚ್ಚಿ ಒಂದೇ ಸ್ವರವನ್ನು ಒಂದಾದ ಮೇಲೊಂದು ವಾದ್ಯದಲ್ಲಿ ಕೇಳಿಸಿದರು. ಮೊದಲು ಕೊಳಲು, ಆಮೇಲೆ ಪಿಟೀಲು, ನಾಗಸ್ವರ, ಕೊನೆಗೆ ಒಬ್ಬ ಗಂಡಸಿನ ದನಿ.

"ನಾಲ್ಕೂ ಒಂದೇ ಸ್ವರ. ಎತ್ತರ ಒಂದೇ. ಆದರೂ ಕಣ್ಣು ಮುಚ್ಚಿದ್ರೂ ಯಾವುದು ಯಾವುದು ಅಂತ ಗೊತ್ತಾಯ್ತಲ್ಲ, ಹೇಗೆ?" ಎಂದು ಕೇಳಿದರು.

ಆಮೇಲೆ ತಾವೇ ಬಿಡಿಸಿದರು. "ದನಿಗೆ ಒಂದು ಬಣ್ಣ ಇರುತ್ತೆ. ಒಬ್ಬರದ್ದು ಇನ್ನೊಬ್ಬರಿಗೆ ಬರಲ್ಲ. ನಿಮ್ಮಮ್ಮ ಫೋನಲ್ಲಿ ಹಲೋ ಅಂದ ತಕ್ಷಣ ಅಮ್ಮ ಅಂತ ಗೊತ್ತಾಗೋದು ಅದಕ್ಕೇ," ಎಂದರು.

ನಾನು ಡೆಸ್ಕಿನ ಮೇಲೆ ಕಣ್ಣು ನೆಟ್ಟು ಕೂತೆ. ಅಪ್ಪಾಜಿಯ ದನಿಯ ಬಣ್ಣ ಯಾವುದು ಎಂದು ನೆನಪಿಸಿಕೊಳ್ಳಲು ನೋಡಿದೆ. ಅವರು ನನ್ನನ್ನು ಕೂಗುತ್ತಿದ್ದದ್ದು, ಬಯ್ಯುತ್ತಿದ್ದದ್ದು, ಮಾತುಗಳೆಲ್ಲ ನೆನಪಿವೆ, ದನಿ ಮಾತ್ರ ಬರುತ್ತಿಲ್ಲ. ದನಿ ಹೋಗಿ ಎರಡು ವರ್ಷವೂ ಆಗಿರಲಿಲ್ಲ. ಇಷ್ಟು ಬೇಗ ಮರೆಯಲು ಸಾಧ್ಯವೇ ಎಂದು ಭಯವಾಯಿತು. ತರಗತಿ ಮುಗಿದ ಮೇಲೂ ಅದೇ ಯೋಚನೆಯಲ್ಲಿದ್ದು, ಗಂಡಸಿಯ ಬಸ್ಸು ಬಂದು ಹೋದದ್ದೇ ತಿಳಿಯಲಿಲ್ಲ.

ಕೆಲವು ವಾರಗಳ ನಂತರ ಮೇಡಂ ಒಂದು ಅಭ್ಯಾಸ ಕೊಟ್ಟರು. ಪಿಟೀಲಿನಲ್ಲಿ ನುಡಿಸಿದ ಭೈರವಿ ರಾಗದ ಒಂದು ಆಲಾಪನೆಯನ್ನು ಎಲ್ಲರ ಫೋನಿಗೂ ಕಳಿಸಿದರು. ದಿನಕ್ಕೊಮ್ಮೆ ಪೂರ್ತಿ ಕೇಳಬೇಕು, ನಿನ್ನೆ ಕೇಳಿಸದ್ದು ಇವತ್ತು ಏನು ಕೇಳಿಸಿತು ಎಂದು ಬರೆಯಬೇಕು. ಆಲಾಪನೆಯಲ್ಲಿ ಸಾಹಿತ್ಯವೂ ಇಲ್ಲ, ತಾಳವೂ ಇಲ್ಲ. ಬಸ್ಸಿನಲ್ಲಿ ಕೇಳಿದರೆ ಇಂಜಿನ್ನಿನ ಸದ್ದು. ಹಾಗಾಗಿ ಬೆಳಿಗ್ಗೆ ಅಪ್ಪಾಜಿ ತೋಟಕ್ಕೆ ಹೋದ ಮೇಲೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮನೆಯ ಹಿಂದೆ, ಕಾಯಿ ಸುಲಿಯುವ ಕಡೆ, ಮಟ್ಟೆಯ ರಾಶಿಗೆ ಒರಗಿ ಕೂರುತ್ತಿದ್ದೆ. ನನಗೆ ಏನೂ ಹೊಸದಾಗಿ ಕೇಳಿಸುತ್ತಿರಲಿಲ್ಲ. ನಿನ್ನೆಯೂ ಪಿಟೀಲು, ಇವತ್ತೂ ಪಿಟೀಲು.

ಒಂದು ಬೆಳಿಗ್ಗೆ ಹಾಗೆ ಕಣ್ಣು ಮುಚ್ಚಿ ಕೂತಿದ್ದಾಗ ಎದುರಿಗೆ ಯಾರೋ ನಿಂತ ಹಾಗೆ ನೆರಳು ಬಿತ್ತು. ಕಣ್ಣು ಬಿಟ್ಟರೆ ಅಪ್ಪಾಜಿ. ಕುಡುಗೋಲು ಮರೆತು ತೆಗೆದುಕೊಳ್ಳಲು ಹಿಂದಕ್ಕೆ ಬಂದಿದ್ದರು. ನಾನು ಇಯರ್‌ಫೋನ್ ಕಿತ್ತು ಮುಷ್ಟಿಯಲ್ಲಿ ಹಿಡಿದೆ. ಮುಷ್ಟಿಯೊಳಗಿಂದ ಪಿಟೀಲು ಸೊಳ್ಳೆಯ ಹಾಗೆ ಸಣ್ಣಗೆ ಕೇಳುತ್ತಿತ್ತು.

"ಕಾಲೇಜಿಂದು ಅಪ್ಪಾಜಿ. ಪಾಠಕ್ಕೆ ಐತೆ," ಎಂದೆ.

ಅವರು ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿದರು. ಆಮೇಲೆ ತಮ್ಮ ಕೈ ಚಾಚಿದರು. ಫೋನ್ ಕಿತ್ತುಕೊಳ್ಳುತ್ತಾರೆ ಎಂದುಕೊಂಡು ಕೊಟ್ಟೆ. ಅವರು ಫೋನನ್ನು ವಾಪಸು ನನ್ನ ತೊಡೆಯ ಮೇಲಿಟ್ಟು, ಒಂದು ಕಡೆಯ ಇಯರ್‌ಫೋನ್ ಮಾತ್ರ ತೆಗೆದುಕೊಂಡು ಕಿವಿಗಿಟ್ಟರು, ನಿಂತೇ ಕೇಳಿದರು. ವೈರು ಸಾಲದೆ ನಾನು ಎದ್ದು ಅವರ ಪಕ್ಕ ನಿಂತೆ. ಮುಗಿಯುವವರೆಗೂ ಕದಲಲಿಲ್ಲ. ಮುಗಿದ ಮೇಲೆ ಕಿವಿಯಿಂದ ತೆಗೆದು ನನ್ನ ಕೈಗಿಟ್ಟು, ಕುಡುಗೋಲನ್ನೂ ತೆಗೆದುಕೊಳ್ಳದೆ ತೋಟದ ಕಡೆ ನಡೆದರು.

ಅವತ್ತು ಮಧ್ಯಾಹ್ನ ಅವರು ಊಟಕ್ಕೆ ಬರಲಿಲ್ಲ. ಅಮ್ಮ ಬುತ್ತಿ ತೆಗೆದುಕೊಂಡು ಹೋದಳು. ಮರಳಿ ಬಂದವಳು ನನ್ನನ್ನು ಏನೂ ಅನ್ನಲಿಲ್ಲ. "ತೆಂಗಿನ ಬುಡದಾಗೆ ಕೂತವ್ರೆ. ಉಂಡ್ರು," ಎಂದಳು ಅಷ್ಟೆ. ಮರುದಿನ ನಾನು ಕೇಳಲು ಹೋಗಲಿಲ್ಲ. ಅದರ ಮರುದಿನವೂ ಹೋಗಲಿಲ್ಲ. ಮೂರನೆಯ ಬೆಳಿಗ್ಗೆ ಅಪ್ಪಾಜಿ ತೋಟಕ್ಕೆ ಹೊರಡದೆ ಮಟ್ಟೆಯ ರಾಶಿಯ ಹತ್ತಿರ ಸ್ಲೇಟು ಹಿಡಿದು ಕೂತಿದ್ದರು. ಸ್ಲೇಟಿನ ಮೇಲೆ ಬರೆದಿತ್ತು: ‘ಪಾಠ ಬಿಡಬಾರದು.’

ಹೀಗೆ ಶುರುವಾಯಿತು. ಆಮೇಲೆ ದಿನಾ ಬೆಳಿಗ್ಗೆ ಒಂದು ಇಯರ್‌ಫೋನ್ ಅವರ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ಭೈರವಿಯನ್ನು ಎರಡನೇ ಸಲ ಕೇಳಿದಾಗಲೇ ಅವರು ಬರೆದರು: ‘ಇದು ಮಂಗಳಾರತಿಗೆ ಮುಂಚೆ ನಾವು ಹಾಡೋ ಧಾಟಿ.’ ನಾನು ನಂಬಲಿಲ್ಲ. ಆ ಭಜನೆಯನ್ನು ನಾನು ಚಿಕ್ಕಂದಿನಿಂದ ಕೇಳಿದ್ದೆ, ಅದಕ್ಕೂ ಇದಕ್ಕೂ ಏನು ಸಂಬಂಧ ಎನಿಸಿತು. ಅವರು ನನ್ನ ಕೈ ಹಿಡಿದು, ಪಿಟೀಲು ಮೇಲೆ ಹೋದ ಹಾಗೆಲ್ಲ ಎತ್ತಿ, ಇಳಿದ ಹಾಗೆಲ್ಲ ಇಳಿಸಿದರು. ಒಂದು ಕಡೆ ಸ್ವರ ಮೇಲಕ್ಕೆ ಹೋಗುವಾಗ ಒಂದು ಮೆಟ್ಟಿಲು ಹತ್ತಿ, ಇಳಿಯುವಾಗ ಅದೇ ಮೆಟ್ಟಿಲನ್ನು ಸ್ವಲ್ಪ ತಗ್ಗಿಸಿ ಮುಟ್ಟುತ್ತದೆ. ಅಲ್ಲಿಗೆ ಬಂದಾಗ ನನ್ನ ಬೆರಳನ್ನು ಗಟ್ಟಿಯಾಗಿ ಅದುಮಿದರು. ಮತ್ತೆ ಹಾಕು ಎಂದು ಸನ್ನೆ ಮಾಡಿದರು. ಮತ್ತೆ ಅದುಮಿದರು. ನಾಲ್ಕಾರು ಸಲ ಆದ ಮೇಲೆ, ಅವರು ಅದುಮುವ ಮುಂಚೆಯೇ ಆ ಜಾಗ ಬಂತು ಎಂದು ನನಗೆ ತಿಳಿಯಿತು. ಅದೇ ತಿರುವು ಭಜನೆಯಲ್ಲೂ ಇತ್ತು. ಮನಸ್ಸಿನಲ್ಲೇ ಹಾಡಿಕೊಂಡು ನೋಡಿದೆ. ಇತ್ತು.

ತಾಳದ ಪಾಠಗಳು ಬಂದಾಗ ಅವರು ನನ್ನ ಮಣಿಕಟ್ಟಿನ ಮೇಲೆ ತಟ್ಟುತ್ತಿದ್ದರು. ತಟ್ಟಿದ ಏಟಿಗಿಂತ ಎರಡು ಏಟಿನ ನಡುವಿನ ಜಾಗವನ್ನು ಅವರು ಹೆಚ್ಚು ಗಮನಿಸುತ್ತಾರೆ ಎನ್ನಿಸುತ್ತಿತ್ತು. ಹಾಡು ಏಟಿನ ಮೇಲೆ ಎದ್ದರೆ ಸುಮ್ಮನಿರುತ್ತಿದ್ದರು. ಏಟು ಬಿದ್ದು, ಒಂದು ಚೂರು ಕಳೆದು ಎದ್ದರೆ ಹುಬ್ಬು ಏರಿಸುತ್ತಿದ್ದರು. ಅಮ್ಮ ಒಳಗಿನಿಂದ ಎರಡು ಲೋಟ ಕಾಫಿ ತಂದಿಟ್ಟು ಹೋಗುತ್ತಿದ್ದಳು.

ನಾನು ಬರೆದುಕೊಟ್ಟದ್ದನ್ನು ಓದಿ ಮೇಡಂ ಒಂದು ದಿನ ತರಗತಿ ಮುಗಿದ ಮೇಲೆ ನಿಲ್ಲಿಸಿಕೊಂಡರು.

"ಇದನ್ನ ಯಾರಾದ್ರೂ ಹೇಳಿಕೊಟ್ರಾ?"

ಹೇಳಿದೆ. ಅಪ್ಪಾಜಿ ಹಾಡುತ್ತಿದ್ದದ್ದು, ಆಪರೇಷನ್ ಆದದ್ದು, ಕೈ ಹಿಡಿದು ತೋರಿಸುತ್ತಿರುವುದು, ಎಲ್ಲವನ್ನೂ. ಮೇಡಂ ಮೈಮುಟ್ಟಿ ಸಮಾಧಾನ ಮಾಡಲಿಲ್ಲ. ಶ್ರುತಿಪೆಟ್ಟಿಗೆಯ ವೈರು ಸುತ್ತುತ್ತಾ ನಿಧಾನವಾಗಿ ಕೇಳಿಸಿಕೊಂಡರು.

"ಮುಂದಿನ ವಾರ ಹಳೇಬೀಡು, ಬೇಲೂರಿಗೆ ಹೋಗ್ತಾ ಇದ್ದೀವಲ್ಲ. ಕಲ್ಲಲ್ಲಿ ಕೆತ್ತಿರೋ ವಾದ್ಯಗಳನ್ನ ತೋರಿಸೋಣ ಅಂತ. ಟೆಂಪೋದಲ್ಲಿ ಜಾಗ ಇದೆ. ನಿಮ್ಮ ತಂದೆಯವರು ಬರೋಹಾಗಿದ್ರೆ ಬರಲಿ. ಒತ್ತಾಯ ಮಾಡಬೇಡ," ಎಂದರು.

ಮನೆಯಲ್ಲಿ ಹೇಳಿದಾಗ ಅಪ್ಪಾಜಿ ‘ನಾನ್ಯಾಕೆ’ ಎಂದು ಸ್ಲೇಟಿನಲ್ಲಿ ಬರೆದರು. ನಾನು ಮತ್ತೆ ಕೇಳಲಿಲ್ಲ. ಹೊರಡುವ ಬೆಳಿಗ್ಗೆ ನೋಡಿದರೆ ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿ, ಕುತ್ತಿಗೆಗೆ ಹೊಸ ಬಟ್ಟೆ ಕಟ್ಟಿಕೊಂಡು ಜಗಲಿಯ ಮೇಲೆ ಕೂತಿದ್ದರು. ಅಮ್ಮ ಅವರ ಚೀಲಕ್ಕೆ ಸ್ಲೇಟು ಹಾಕಿದಳು.

ಹಳೇಬೀಡಿನ ದೇವಸ್ಥಾನದಲ್ಲಿ ಅಂದು ಜನ ತುಂಬಿದ್ದರು. ಮೇಡಂ ಗೋಡೆಯುದ್ದಕ್ಕೂ ನಡೆಸಿಕೊಂಡು ಹೋಗಿ, ಇವನ ಕೈಯಲ್ಲಿ ಮದ್ದಳೆ, ಇವಳದ್ದು ತಾಳ, ಇದು ಕೊಳಲು ಎಂದು ತೋರಿಸಿದರು. ಮದ್ದಳೆಯವನ ಬೆರಳುಗಳು ಚರ್ಮದ ಮೇಲೆ ಬಿಚ್ಚಿಕೊಂಡಿರುವ ರೀತಿ ನೋಡಲು ಅಪ್ಪಾಜಿ ಹಿಂದೆ ಉಳಿಯುತ್ತಿದ್ದರು. ನಮ್ಮ ತರಗತಿಯವರಿಗೆ ಅವರ ವಿಷಯ ಗೊತ್ತಿತ್ತು. ಕುತ್ತಿಗೆಯ ಬಟ್ಟೆಯ ಕಡೆ ನೋಡಬಾರದೆಂದು ಎಲ್ಲರೂ ಕಷ್ಟಪಡುತ್ತಿದ್ದರು, ಅದು ಇನ್ನೂ ಎದ್ದು ಕಾಣುತ್ತಿತ್ತು.

ಅಲ್ಲಿಂದ ಬಸ್ತಿಹಳ್ಳಿಗೆ ಬಂದೆವು. ಹಳೇಬೀಡಿಗೆ ಅಂಟಿಕೊಂಡಂತೆಯೇ ಇದೆ, ಆದರೆ ಬರುವವರು ಕಡಿಮೆ. ಜೈನ ಬಸದಿಯ ಒಳಗೆ ಕಲ್ಲಿನ ತಂಪು ಅಂಗಾಲಿಗೆ ಹತ್ತಿತು. ಅಲ್ಲಿನ ಕಂಬಗಳನ್ನು ಕನ್ನಡಿಯ ಹಾಗೆ ನಯ ಮಾಡಿದ್ದಾರೆ. ಹುಡುಗಿಯರು ತಮ್ಮ ಮುಖ ಹುಡುಕುತ್ತಾ ಕಂಬದಿಂದ ಕಂಬಕ್ಕೆ ಓಡಾಡಿದರು. ಮೇಡಂ ಕಾವಲಿನವರ ಹತ್ತಿರ ಹೋಗಿ ಏನೋ ಕೇಳಿದರು.

"ಮೆಲ್ಲಗೆ ಹಾಡ್ಕಳಿ ಮೇಡಂ. ಯಾರಾರ ಬಂದ್ರೆ ನಿಲ್ಸಿಬಿಡಿ," ಎಂದರು ಅವರು.

ಎಲ್ಲರೂ ನೆಲದ ಮೇಲೆ ಕೂತೆವು. ಮೇಡಂ ಶ್ರುತಿಪೆಟ್ಟಿಗೆಯನ್ನೂ ಹಚ್ಚಲಿಲ್ಲ. ಅವರು ಹಾಡಿದ್ದನ್ನು ನಾವು ಅಲ್ಲಿಯವರೆಗೆ ಕೇಳಿರಲಿಲ್ಲ. ದನಿ ದೊಡ್ಡದಲ್ಲ, ಅಂಚಿನಲ್ಲಿ ಸ್ವಲ್ಪ ಸವೆದಿತ್ತು. ಪದವಿಲ್ಲದೆ, ಬರೀ ಅಕಾರದಲ್ಲಿ ಆಲಾಪನೆ ಶುರು ಮಾಡಿದರು. ಮೇಲಿನ ಷಡ್ಜದ ತನಕ ಹೋಗಿ, ಅಲ್ಲಿ ನಿಂತು, ನಿಧಾನವಾಗಿ ಇಳಿದರು. ಮುಗಿದ ಮೇಲೂ ಮೇಲುಗಡೆ ಎಲ್ಲೋ ಆ ದನಿ ಸ್ವಲ್ಪ ಹೊತ್ತು ಇತ್ತು.

"ಏನು ಕೇಳಿಸ್ತು?" ಎಂದು ಕೇಳಿದರು.

"ಚೆನ್ನಾಗಿತ್ತು ಮೇಡಂ." "ಎಕೋ ಬಂತು ಮೇಡಂ." ಇಂಥ ಉತ್ತರಗಳು ಬಂದವು. ಮೇಡಂ ಒಬ್ಬೊಬ್ಬರ ಕಡೆಗೂ ನೋಡುತ್ತಾ ಅಪ್ಪಾಜಿಯ ಕಡೆ ತಿರುಗಿ, ಉಳಿದವರನ್ನು ಕೇಳಿದ ಹಾಗೆಯೇ, "ನಿಮಗೆ?" ಎಂದರು.

ನಾನು ಚೀಲದಿಂದ ಸ್ಲೇಟು ತೆಗೆದು ಅಪ್ಪಾಜಿಯ ಮುಂದೆ ಹಿಡಿದೆ. ಅವರು ಅದನ್ನು ಪಕ್ಕಕ್ಕೆ ಸರಿಸಿದರು. ಅಂಗಿಯ ಜೇಬಿಗೆ ಕೈ ಹಾಕಿ ಆ ಯಂತ್ರ ತೆಗೆದರು. ಅದನ್ನು ಅವರು ಬೀರುವಿನಿಂದ ಯಾವಾಗ ತೆಗೆದುಕೊಂಡಿದ್ದರೋ ನನಗೂ ಗೊತ್ತಿಲ್ಲ, ಅಮ್ಮನಿಗೂ ಗೊತ್ತಿರಲಿಲ್ಲ. ಕುತ್ತಿಗೆಯ ಬದಿಗೆ ಒತ್ತಿ ಹಿಡಿದರು. ಬಸದಿಯ ಒಳಗೆ ಆ ಗುಂಯ್ ಸದ್ದು ದೊಡ್ಡದಾಗಿ ಕೇಳಿಸಿತು. ಯಾರೋ ಒಬ್ಬಳು ಕಿಸಕ್ಕೆಂದು ನಕ್ಕು, ಬಾಯಿಗೆ ಕೈ ಅಡ್ಡ ಹಿಡಿದಳು.

ಅಪ್ಪಾಜಿ ನಿಲ್ಲಿಸಲಿಲ್ಲ. ಒಂದೊಂದೇ ಮಾತು ಬಿಡಿಸಿ ಹೇಳಿದರು.

"ಮೇಲಿಂದ ಇಳ್ದು ಬಂದ್ರಲ್ಲ. ಮಧ್ಯದಾಗೆ ಒಂದ್ಕಡೆ ನಿಲ್ತೀರ ಅಂದ್ಕಂಡೆ. ನಿಲ್ಲಲಿಲ್ಲ. ಉಸ್ರು ಸಾಲಕಿಲ್ಲ ಅಂತ ನಂಗೆ ಭಯ ಆತು." ಯಂತ್ರವನ್ನು ಸ್ವಲ್ಪ ಸರಿಮಾಡಿಕೊಂಡರು. "ಸಾಲ್ತು."

ಮೇಡಂ ಅವರನ್ನೇ ನೋಡುತ್ತಿದ್ದರು. "ನಿಜ ಹೇಳ್ಬೇಕು ಅಂದ್ರೆ ನನಗೂ ಅದೇ ಭಯ ಇತ್ತು ರೀ," ಎಂದರು. ಆಮೇಲೆ ಎದ್ದು ಸೆರಗು ಸರಿಮಾಡಿಕೊಂಡರು.

ಬೇಲೂರಿಗೆ ಹೋದಾಗ ಹಸಿವಾಗಿತ್ತು. ಮೇಡಂ ಮನೆಯಲ್ಲೇ ಊಟ. ಚಿತ್ರಾನ್ನ, ಮೊಸರನ್ನ. ನಕ್ಕಿದ್ದ ಹುಡುಗಿ ಅಪ್ಪಾಜಿಗೆ ನೀರು ತಂದುಕೊಟ್ಟು, ಅವರ ಪಕ್ಕದಲ್ಲೇ ಎಲೆ ಹಾಕಿಕೊಂಡು ಕೂತಳು. ದೇವಸ್ಥಾನ ನೋಡಿ ಟೆಂಪೋ ಹತ್ತುವಾಗ ಅಪ್ಪಾಜಿಗೆ ಆಯಾಸವಾಗಿತ್ತು. ಅರಸೀಕೆರೆಯ ತನಕ ನನ್ನ ಭುಜಕ್ಕೆ ತಲೆ ಕೊಟ್ಟು ನಿದ್ದೆ ಮಾಡಿದರು.

ಕೊನೆಯ ಅಸೈನ್‌ಮೆಂಟಿಗೆ ನಮ್ಮ ಇಷ್ಟದ ಒಂದು ರೆಕಾರ್ಡಿಂಗ್ ಆರಿಸಿ, ಅದರಲ್ಲಿ ಏನು ಕೇಳಿಸುತ್ತದೆ ಎಂದು ತರಗತಿಯ ಮುಂದೆ ಹೇಳಬೇಕಿತ್ತು. ನನಗೆ ಬೇಕಾಗಿದ್ದದ್ದು ಯಾವುದೆಂದು ಮೊದಲ ದಿನದಿಂದಲೇ ಗೊತ್ತಿತ್ತು, ಆದರೆ ಬಾಯಿಬಿಟ್ಟು ಹೇಳಿರಲಿಲ್ಲ. ನಮ್ಮ ಫೋನುಗಳಲ್ಲಿ ಅಪ್ಪಾಜಿಯ ಹಾಡು ಒಂದೂ ಇರಲಿಲ್ಲ. ಎದುರಿಗೇ ಹಾಡುವವರನ್ನು ಯಾರು ರೆಕಾರ್ಡ್ ಮಾಡಿಟ್ಟುಕೊಳ್ಳುತ್ತಾರೆ. ಭಜನೆಯಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು ಹಾರನಹಳ್ಳಿಯವರು, ಅಪ್ಪಾಜಿಯ ಹಳೆಯ ಗೆಳೆಯರು, ನಾನು ಮಾವ ಎನ್ನುತ್ತಿದ್ದೆ. ಆಪರೇಷನ್ ಆದ ಮೇಲೆ ಅಪ್ಪಾಜಿ ಅವರನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ಕಾಲೇಜಿನಿಂದ ಬರುವಾಗ ಒಂದು ದಿನ ಅವರ ಮನೆಗೆ ಹೋದೆ.

"ಒಂದ್ ಗೃಹಪ್ರವೇಶದ್ದು ಐತೆ ಮಗ. ಪೂರ್ತಿ ಹಾಡು," ಎಂದರು ಮಾವ. "ಕಳ್ಸಿದ್ರೆ ನಿಮ್ಮಪ್ಪಾಜಿಗೆ ನೋವಾಗ್ತದೆ ಅಂತ ಕಳ್ಸಿರ್ಲಿಲ್ಲ. ಅಳಿಸೋಕೂ ಮನಸ್ ಬರ್ಲಿಲ್ಲ."

ಫೋನಿಗೆ ಹಾಕಿಸಿಕೊಂಡು ಬಂದೆ. ದಾರಿಯಲ್ಲಿ ಕೇಳಲಿಲ್ಲ. ಅವರಿಗಿಂತ ಮುಂಚೆ ಕೇಳುವುದು ಸರಿಯಲ್ಲ ಎನ್ನಿಸಿತು. ಅಪ್ಪಾಜಿ ಅಂಗಳದಲ್ಲಿ ಕೊಬ್ಬರಿ ಹರವುತ್ತಿದ್ದರು. ಎದುರಿಗೆ ಕುಕ್ಕರಗಾಲಲ್ಲಿ ಕೂತು, ಇಂಥದ್ದು ಸಿಕ್ಕಿದೆ, ನೀವು ಬೇಡ ಎಂದರೆ ಈಗಲೇ ಅಳಿಸುತ್ತೇನೆ ಎಂದೆ. ಅವರು ತಲೆ ಎತ್ತಲಿಲ್ಲ. ಕೊಬ್ಬರಿ ಬಟ್ಟಲುಗಳನ್ನು ಒಂದೊಂದಾಗಿ ಮಗುಚಿ ಇಡುತ್ತಾ ಹೋದರು. ನಾನು ಎದ್ದು ಒಳಗೆ ಬಂದೆ.

ಮರುದಿನ ಬೆಳಿಗ್ಗೆ ಎಂದಿನ ಜಾಗದಲ್ಲಿ ಕೈ ಚಾಚಿದರು. ಒಂದು ಇಯರ್‌ಫೋನ್ ಕೊಟ್ಟೆ. ಇನ್ನೊಂದನ್ನೂ ಕೊಡು ಎಂದು ಸನ್ನೆ ಮಾಡಿದರು. ಎರಡನ್ನೂ ಕಿವಿಗಿಟ್ಟುಕೊಂಡು ನೆಲ ನೋಡುತ್ತಾ ಕೂತರು. ನನಗೆ ಕೇಳುತ್ತಿದ್ದದ್ದು ಕೊಟ್ಟಿಗೆಯಲ್ಲಿ ಎಮ್ಮೆ ಹುಲ್ಲು ಎಳೆಯುವ ಸದ್ದು ಮಾತ್ರ. ಅವರ ಮುಖವನ್ನೇ ನೋಡಿದೆ. ಒಂದು ಕಡೆ ಹಣೆ ಗಂಟಿಕ್ಕಿತು. ಕುತ್ತಿಗೆಯ ಬಟ್ಟೆ ಬೇಗ ಬೇಗ ಏರಿಳಿಯಿತು. ಹಾಡು ಮುಗಿದಿದ್ದು ಅವರು ಸ್ಲೇಟು ತೆಗೆದುಕೊಂಡಾಗಲೇ ನನಗೆ ಗೊತ್ತಾದದ್ದು.

‘ಎರಡನೇ ಸಾಲಲ್ಲಿ ಶ್ರುತಿ ಇಳಿದಿದೆ. ಹಾರ್ಮೋನಿಯಂ ಸರಿ ಇದೆ. ತಪ್ಪು ನಂದು.’

ಓದಿ ನನಗೆ ನಗು ಬಂತು, ನಗುತ್ತಲೇ ಅಳುವೂ ಬಂತು. ಅವರು ನನ್ನ ಕಿವಿಗೆ ಎರಡನ್ನೂ ಸಿಕ್ಕಿಸಿ, ಹಾಡನ್ನು ಮತ್ತೆ ಮೊದಲಿನಿಂದ ಹಚ್ಚಿದರು. ಒಂದೇ ಒಂದು ಅಕ್ಷರಕ್ಕೆ ಅವರ ದನಿ ನನಗೆ ವಾಪಸು ಸಿಕ್ಕಿತು. ಹೌದು, ಹೀಗೇ ಇತ್ತು. ದಪ್ಪ, ಸ್ವಲ್ಪ ಮೂಗಿನದು, ಮೇಲೆ ಹೋದಾಗ ತೆಳುವಾಗದ ದನಿ. ಎರಡನೇ ಸಾಲಲ್ಲಿ ಶ್ರುತಿ ಇಳಿದದ್ದೂ ತಿಳಿಯಿತು. ಆಮೇಲೆ, ಹಾಡಿನ ಕೊನೆಗೆ, ಒಂದು ಉದ್ದನೆಯ ಎಳೆತದಲ್ಲಿ ದನಿಯ ಅಡಿಯಲ್ಲಿ ಏನೋ ಕರಕರ ಎಂದಿತು. ಒಣ ಸೋಗೆಯನ್ನು ನೆಲದ ಮೇಲೆ ಎಳೆದ ಹಾಗೆ. ಮೊದಲು ಫೋನಿನ ದೋಷ ಎಂದುಕೊಂಡೆ. ಅದೊಂದು ಭಾಗವನ್ನು ಮತ್ತೆ ಕೇಳಿದೆ. ಹಾರ್ಮೋನಿಯಂ ಚೊಕ್ಕಟವಾಗಿತ್ತು, ಅವತ್ತು ಪಕ್ಕದಲ್ಲಿ ಕೂತು ಅಮ್ಮ ತಾಳ ಹಾಕುತ್ತಿದ್ದದ್ದೂ ಚೊಕ್ಕಟವಾಗಿತ್ತು. ಕರಕರ ಇದ್ದದ್ದು ಗಂಟಲಲ್ಲಿ.

ತಲೆ ಎತ್ತಿದೆ. ಅಪ್ಪಾಜಿ ನನ್ನನ್ನೇ ನೋಡುತ್ತಿದ್ದರು. ‘ಕೇಳಿಸ್ತಾ?’ ಎಂದು ಬರೆದರು.

ಹೂಂ ಎಂದೆ.

ಅದರ ಕೆಳಗೆ ‘ಆಗಲೇ ಇತ್ತು’ ಎಂದು ಬರೆದು, ಅಂಗೈಯಿಂದ ಸ್ಲೇಟು ಒರೆಸಿದರು. ನಾವು ಅಲ್ಲೇ ಕೂತಿದ್ದೆವು. ಅವತ್ತು ಗೃಹಪ್ರವೇಶದಲ್ಲಿ ಅಷ್ಟು ಜನ ಕೂತು ಕೇಳಿದ್ದರು, ನಾನೂ ಇದ್ದೆ, ಹೋಳಿಗೆ ಊಟ ಮಾಡಿ ಬಂದಿದ್ದೆ. ಯಾರಿಗೂ ಕೇಳಿಸಿರಲಿಲ್ಲ. ಕೇಳಿಸಿದ್ದರೆ ಏನಾದರೂ ಬೇರೆಯಾಗುತ್ತಿತ್ತೇ ಎಂಬುದನ್ನು ನಾನು ಆಮೇಲೆ ಯಾವ ಡಾಕ್ಟರನ್ನೂ ಕೇಳಿಲ್ಲ. ಅಪ್ಪಾಜಿಯೂ ಕೇಳಿಲ್ಲ.

ಇದನ್ನೇ ತರಗತಿಯಲ್ಲಿ ಹಾಕಲೇ ಎಂದಾಗ ಅವರು ಸ್ವಲ್ಪ ಯೋಚಿಸಿ ಬರೆದರು: ‘ಹಾಕು. ಇದ್ದದ್ದು ಇದ್ದ ಹಾಗೆ ಹೇಳು.’

ಹಾಗೆಯೇ ಹೇಳಿದೆ. ಮೊದಲು ಹಾಡು ಕೇಳಿಸಿದೆ. ದನಿಯ ಬಣ್ಣ ಹೇಳಿದೆ, ಧಾಟಿಗೆ ಭೈರವಿಯ ನೆರಳಿದೆ ಎಂದೆ, ಶ್ರುತಿ ಇಳಿದ ಜಾಗ ತೋರಿಸಿದೆ, ಅದನ್ನು ಹಾಡಿದವರೇ ಹಿಡಿದರು ಎಂದೆ. ಕೊನೆಯ ಎಳೆತವನ್ನು ಇನ್ನೊಮ್ಮೆ ಹಾಕಿ, ಆ ಕರಕರ ಏನೆಂದು ಹೇಳಿದೆ. ಮೇಡಂ ಏನೂ ಪ್ರಶ್ನೆ ಕೇಳದೆ, "ಕೂತ್ಕೋ," ಎಂದರು. ಆಮೇಲೆ, "ಇನ್ನೊಂದ್ ಸಲ ಕೇಳೋಣ, ಪೂರ್ತಿ," ಎಂದು ಸ್ಪೀಕರನ್ನು ತಾವೇ ಹಚ್ಚಿದರು. ಎರಡನೇ ಸಲ ಕೇಳುವಾಗ ನಾನು ಏನನ್ನೂ ಹುಡುಕಲಿಲ್ಲ. ಬರೀ ಅಪ್ಪಾಜಿ ಹಾಡಿದ್ದನ್ನು ಕೇಳಿದೆ.

ಪರೀಕ್ಷೆಯಲ್ಲಿ ಚೆನ್ನಾಗಿಯೇ ಅಂಕ ಬಂತು. ಮುಂದೆ ಪಠ್ಯಕ್ರಮ ಬದಲಾಯಿತು, ಆ ವಿಷಯವೇ ಹೋಯಿತು. ಮೇಡಂ ಬರುವುದೂ ನಿಂತಿತು. ಬೇಲೂರಿನ ಬಸ್‌ಸ್ಟ್ಯಾಂಡಿನಲ್ಲಿ ಒಮ್ಮೆ ಸಿಕ್ಕಿದ್ದರು. ಮನೆಯಲ್ಲೇ ಮಕ್ಕಳಿಗೆ ಹೇಳಿಕೊಡುತ್ತಿದ್ದೇನೆ ಎಂದರು. "ತಂದೆಯವರು ಹೇಗಿದ್ದಾರೆ?" ಎಂದು ವಿಚಾರಿಸಿದರು.

ಇದ್ದಾರೆ. ಆರು ತಿಂಗಳಿಗೊಮ್ಮೆ ಬೆಂಗಳೂರಿಗೆ ಹೋಗಿ ತೋರಿಸಿಕೊಂಡು ಬರಬೇಕು. ಹೋಗಿ ಬರುವ ತನಕ ಮನೆಯಲ್ಲಿ ಯಾರಿಗೂ ಊಟ ಸೇರುವುದಿಲ್ಲ. ಹಾರ್ಮೋನಿಯಂ ಮಾವ ಒಂದು ದಿನ ತಾವಾಗಿಯೇ ಮನೆಗೆ ಬಂದರು, ಅಪ್ಪಾಜಿ ಎದ್ದು ಹೋಗಲಿಲ್ಲ. ಮುಂದಿನ ಸೋಮವಾರ ಮಠಕ್ಕೆ ಹೋದರು. ಅಂದು ಅವರನ್ನು ಕಂಡು ಭಜನೆಯವರಿಗೆ ಮೊದಲ ಸಾಲು ಎತ್ತಲು ಬಾಯೇ ಬರಲಿಲ್ಲವಂತೆ. ಅಪ್ಪಾಜಿ ಅರ್ಧಕ್ಕೆ ಎದ್ದು ಬಂದು ಮಲಗಿಬಿಟ್ಟರು. ಮತ್ತೆ ಎಷ್ಟೋ ವಾರ ಹೋಗಲಿಲ್ಲ. ಈಗ ಹೋಗುತ್ತಾರೆ. ಒಳಗೆ ಕೂರುವುದಿಲ್ಲ, ಬಾಗಿಲ ಪಕ್ಕದ ಕಟ್ಟೆಯ ಮೇಲೆ ಕೂರುತ್ತಾರೆ. ಅಲ್ಲಿಂದ ಚೆನ್ನಾಗಿ ಕೇಳುತ್ತದಂತೆ.

ನಾನೀಗ ಅರಸೀಕೆರೆಯ ಒಂದು ಸಹಕಾರ ಸಂಘದಲ್ಲಿ ಕೆಲಸಕ್ಕಿದ್ದೇನೆ. ಹೋದ ಭಾನುವಾರ ಅಮ್ಮ ಅಕ್ಕಿ ಆರಿಸುತ್ತಾ, "ಅವರ್ದು ಆ ಹಾಡು ಐತಲ್ಲ, ಹಾಕು," ಎಂದಳು. ಅವಳು ಆ ರೆಕಾರ್ಡಿಂಗನ್ನು ಅಲ್ಲಿಯವರೆಗೆ ಕೇಳಿರಲಿಲ್ಲ, ನಾನೂ ಒತ್ತಾಯಿಸಿರಲಿಲ್ಲ. ಅಪ್ಪಾಜಿ ತೋಟದಲ್ಲಿದ್ದರು. ಹಾಕಿದೆ. ಮೊರದಲ್ಲಿ ಕೈಯಾಡಿಸುತ್ತಲೇ ಕೇಳಿದಳು. ಮುಗಿದ ಮೇಲೆ ಮೊರವನ್ನೊಮ್ಮೆ ಕೊಡವಿದಳು.

"ಅವರ್ದೇ ದನಿ. ಸರಿಯಾಗೈತೆ," ಎಂದಳು. "ಆದ್ರೆ ನಂಗೆ ಬೇಕಾದ್ದು ಇದಲ್ಲ ಕಣೇ. ಹಾಡು ಊರೋರಿಗೆಲ್ಲ ಹಾಡೋರು. ಬೆಳಗ್ಗೆ ಎದ್ದು ಕೊಟ್ಟಿಗೇಲಿ ಎಮ್ಮೇನ ಬಯ್ಯೋರಲ್ಲ, ಒದಿಬ್ಯಾಡ, ನಿಂತ್ಕ ಅಂತ. ನಾನು ಒಲೆ ಹಚ್ಚೋಳು, ಅದು ಕೇಳ್ತಿತ್ತು. ಅದು ಯಾರತ್ರಾನೂ ಇಲ್ಲ."

ಇಲ್ಲ ಎಂದೆ. ಅಮ್ಮ ಒಂದು ಕಲ್ಲು ಆರಿಸಿ ಅಂಗಳಕ್ಕೆ ಎಸೆದಳು. ನಾನೂ ಮೊರದ ಈಚೆ ಬದಿಗೆ ಕೂತು ಅಕ್ಕಿ ಆರಿಸತೊಡಗಿದೆ.